ಸೊಂಟ ಬಿಡದ ಏಪ್ರನ್

ಊರಿಗೆಲ್ಲ ದೊಡ್ಡಮ್ಮನಂತಿದ್ದ ಬುರುಲ್ ಆಪಾ ಎದ್ದವಳೇ ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ಕೈ ಹಾಕಿದಳು. ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ಅವಳ ಕೈ ಮೊದಲು ಹೋಗುವುದು ಅಲ್ಲಿಗೇ. ಕಣ್ಣು ಪೂರ್ತಿ ಬಿಡುವುದು ಆಮೇಲೆ. ಇವತ್ತು ಸಿಕ್ಕಿದ್ದು ಮಾತ್ರ ಅವಳ ನೀಲಿ ಹತ್ತಿಬಟ್ಟೆಯ ಏಪ್ರನ್ ಅಲ್ಲ, ಹಸಿ ಮೀನಿನ ಹಾಗೆ ಜಾರುವ ಇನ್ನೇನೋ. ಬೆಳಕಿಗೆ ಹಿಡಿದು ನೋಡಿದಳು. ಗುಲಾಬಿ ಬಣ್ಣದ ನೈಲಾನ್. ಎದೆಯ ಮೇಲೆ ಟೋಪಿ ಹಾಕಿಕೊಂಡ ಬೆಕ್ಕೊಂದು ಹಲ್ಲು ಕಿರಿಯುತ್ತಿತ್ತು. ಹಿಂದೆ ಮುಂದೆ ತಿರುಗಿಸಿದರೂ ಒಂದೇ ಒಂದು ಜೇಬಿಲ್ಲ.

“ಮೇರಿಮ್! ನನ್ನ ಏಪ್ರನ್ ಎಲ್ಲೇ?”

ಸೊಸೆ ಮೇರಿಮ್ ಮೂಲೆಯಲ್ಲಿ ಹಿಟ್ಟು ನಾದುತ್ತಿದ್ದಳು. ಅವಳ ಎದೆಯ ಮೇಲೂ ಅದೇ ಬೆಕ್ಕು. “ಇವತ್ತೊಂದಿನ ಅದನ್ನೇ ಕಟ್ಕೊಳ್ಳಿ ಆಪಾ. ಕೆಲಸಕ್ಕೆ ಬರೋ ಹೆಂಗಸರಿಗೆಲ್ಲ ಒಂದೇ ಥರದ್ದು ತರಿಸಿದ್ದೀನಿ. ಕಾರಾಕೋಲ್ ಪಟ್ಟಣದಿಂದ ನಮ್ಮಮ್ಮ ಬರ್ತಿದ್ದಾಳೆ. ಜನ ಫೋಟೋ ತೆಗೀತಾರೆ.”

“ಫೋಟೋಗೆ ನನ್ನ ಮುಖ ಇದೆಯಲ್ಲ, ಸಾಲ್ದಾ? ನನ್ನ ಏಪ್ರನ್ ಎಲ್ಲಿ ಹೇಳು.”

“ನಂಗೊತ್ತಿಲ್ಲ. ಯಾರ ಕಣ್ಣಿಗೂ ಬೀಳದ ಕಡೆ ಇಡಿ ಅಂತ ನಿಮ್ಮ ಮಗನ ಕೈಗೆ ಕೊಟ್ಟೆ.”

ಅವತ್ತು ಮೇರಿಮಳ ಮಗ ಅದಿಲನ ದಾರ ಕತ್ತರಿಸುವ ಹಬ್ಬ. ಮಗು ನಡೆಯಲು ಕಲಿಯಿತು ಅಂದರೆ ಎರಡು ಕಾಲಿಗೂ ಸೇರಿಸಿ ಕಪ್ಪು ಬಿಳಿ ಉಣ್ಣೆಯ ದಾರ ಕಟ್ಟಬೇಕು, ಊರ ಮಕ್ಕಳನ್ನು ಓಡಿಸಬೇಕು, ಮೊದಲು ಬಂದವನ ಕೈಯಿಂದ ದಾರ ಕತ್ತರಿಸಿ ಮಗುವನ್ನು ನಡೆಸಬೇಕು. ಹಾಗೆ ಮಾಡಿದರೆ ಮಗು ಬಾಳಿನಲ್ಲಿ ಎಡವುವುದಿಲ್ಲ. ಅಂಗಳದಲ್ಲಿ ಆಗಲೇ ಗುಡಾರ ಎದ್ದಿತ್ತು. ಅರ್ಧ ಊರು ಊಟಕ್ಕೆ ಬರುವುದಿತ್ತು. ಮಗ ಎರ್ಕಿನ್ ಕುರಿ ತರಲು ಹೋದವನು ಫೋನ್ ಎತ್ತುತ್ತಿರಲಿಲ್ಲ.

ಆಪಾ ಹುಡುಕದ ಜಾಗವಿಲ್ಲ. ಪೆಟ್ಟಿಗೆ, ಹಾಸಿಗೆಯ ರಾಶಿ, ಕೋಳಿಗೂಡು, ಕಾರಿನ ಡಿಕ್ಕಿ. ಕೊನೆಗೆ ಹಿತ್ತಲಿಗೆ ಬಂದಾಗ ಪಕ್ಕದ ಮನೆಯ ರೋಜಾ ಬೇಲಿಯ ಆಚೆಯಿಂದ ಮುಖ ಊದಿಸಿಕೊಂಡು ನೋಡಿದಳು.

“ಇಷ್ಟೊಂದು ಬಿಗುಮಾನ ಯಾಕೆ ಆಪಾ? ಬೀಗರು ಬರ್ತಾರೆ ಅಂದ್ರೆ ಅಕ್ಕಪಕ್ಕದವರು ಬೇಡವಾ?”

“ನಾನೇನು ಮಾಡ್ದೆ?”

“ಏನೂ ಮಾಡ್ಲಿಲ್ಲ, ಅದೇ ನನ್ನ ದುಃಖ! ಬೆಳಗಾದಾಗಿಂದ ಇಲ್ಲೇ ನಿಂತು ನನ್ನ ಸೊಸೆ ಮಾಡಿದ್ದೆಲ್ಲ ನಿಮ್ಮ ಹತ್ರ ಹೇಳ್ಕೊಂಡು ಕಣ್ಣೀರು ಹಾಕ್ದೆ. ಒಂದು ‘ಅಯ್ಯೋ ಪಾಪ’ ಇಲ್ಲ. ಎರಡು ಕೈ ಚಾಚ್ಕೊಂಡು ಸುಮ್ನೆ ನಿಂತಿದ್ರಿ. ಅಪ್ಕೊಳ್ಳೋಕೆ ಕರೀತಿದ್ದಾರೇನೋ ಅಂತ ಬೇಲಿ ಹತ್ತೋಕೂ ಹೊರಟಿದ್ದೆ.”

“ನಾನು ಹಿತ್ತಲಿಗೆ ಈಗ ತಾನೇ ಬಂದೆ ಕಣೇ.”

“ಹಾಗಾದ್ರೆ ಆ ಚೆರ್ರಿ ಗಿಡದ ಹತ್ರ ನಿಂತಿರೋದು ಯಾರು?”

ಇಬ್ಬರೂ ತಿರುಗಿ ನೋಡಿದರು. ಚೆರ್ರಿ ಗಿಡದ ಪಕ್ಕದಲ್ಲಿ ಬೆರ್ಚಪ್ಪ ನಿಂತಿದ್ದ. ತಲೆಗೆ ಹಳೇ ಬಕೆಟ್ಟು, ಸೊಂಟಕ್ಕೆ ಆಪಾಳ ಏಪ್ರನ್. ಎರಡು ಹಕ್ಕಿಗಳು ಅವನ ಹೆಗಲ ಮೇಲೇ ಕೂತು ನೆಮ್ಮದಿಯಾಗಿ ಚೆರ್ರಿ ತಿನ್ನುತ್ತಿದ್ದವು.

“ಈ ಏಪ್ರನ್ ಕಂಡ್ರೆ ಹಕ್ಕಿಗಳೂ ಹೆದರಲ್ಲ,” ಅಂತ ಆಪಾ ಗಂಟು ಬಿಚ್ಚುತ್ತ ಗುಡುಗಿದಳು. “ಹೆದರೋ ಜೀವ ಅಂದ್ರೆ ನನ್ನ ಸೊಸೆ ಒಬ್ಬಳೇ!”

ರೋಜಾಗೆ ಬೆರ್ಚಪ್ಪನ ಮುಂದೆ ಅತ್ತದ್ದಕ್ಕಿಂತ, ಬೆರ್ಚಪ್ಪ ಯಾವುದು ಆಪಾ ಯಾವುದು ಅಂತ ತಿಳಿಯದೇ ಹೋದದ್ದು ಹೆಚ್ಚು ಇರುಸುಮುರುಸಾಯಿತು. ಆದರೆ ಊರಿಗೆ ಹೇಳಲು ಒಂದು ಒಳ್ಳೆ ಸುದ್ದಿ ಸಿಕ್ಕಿತಲ್ಲ, ಅದರಿಂದ ಬೇಗ ಸುಧಾರಿಸಿಕೊಂಡಳು.

ಆ ಏಪ್ರನ್ನನ್ನು ಏಪ್ರನ್ ಅನ್ನುವುದೂ ಈಗ ಉಪಚಾರದ ಮಾತು. ಮೂಲ ಬಟ್ಟೆ ಎಷ್ಟು, ತೇಪೆ ಎಷ್ಟು ಅಂತ ಆಪಾಳಿಗೂ ಗೊತ್ತಿರಲಿಲ್ಲ. ಒಂದು ತೇಪೆ ತೀರಿಹೋದ ಗಂಡನ ಅಂಗಿಯದು, ಒಂದು ಹಿರಿಮಗಳ ಶಾಲೆಯ ಲಂಗದ್ದು, ಇನ್ನೊಂದು ಯಾವುದೋ ಕಿಟಕಿ ಪರದೆಯದು. ಎರಡು ದೊಡ್ಡ ಜೇಬು. ಅವುಗಳಲ್ಲಿ ಬೆಂಕಿಪೊಟ್ಟಣ, ಸೂಜಿದಾರ, ಮಕ್ಕಳ ಬಾಯಿಗೆ ಹಾಕಲು ಒಣಗಿಸಿದ ಮೊಸರಿನ ಉಂಡೆ.

ಆ ಕಾಲದಲ್ಲಿ ಊರಿನ ಹೆಂಗಸರಿಗೆಲ್ಲ ಅಂಥದ್ದೊಂದು ಇತ್ತು. ಒಲೆಯಿಂದ ರೊಟ್ಟಿ ತೆಗೆಯಲು ಅದೇ, ಗೂಡಿನಿಂದ ಮೊಟ್ಟೆ ತರಲು ಅದೇ. ಚಳಿಯಲ್ಲಿ ಹುಟ್ಟಿದ ಕುರಿಮರಿ ಅದರಲ್ಲೇ ಸುತ್ತಿಕೊಂಡು ಮನೆಯೊಳಗೆ ಬರುತ್ತಿತ್ತು. ಈರುಳ್ಳಿ ಹೆಚ್ಚಿ ಬಂದ ಕಣ್ಣೀರೂ, ಬೇರೆ ಕಾರಣಕ್ಕೆ ಬಂದದ್ದೂ ಅದರಲ್ಲೇ ಒರೆಸಿಹೋಗಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಊಟಕ್ಕೆ ಹೊತ್ತಾದರೆ ಮಾಡು ಹತ್ತಿ ಏಪ್ರನ್ ಬೀಸಿದರೆ ಸಾಕು, ಹೊಲದಲ್ಲಿದ್ದ ಗಂಡಸರು ಕುಡುಗೋಲು ಎಸೆದು ಬರುತ್ತಿದ್ದರು. ಈಗ ಎಲ್ಲರ ಜೇಬಿನಲ್ಲೂ ಫೋನಿದೆ, ಎತ್ತುವವರಿಲ್ಲ. ಹಾಗಿದ್ದ ಮೇಲೆ ಯಾವ ಬೆಕ್ಕಿಗೆ ಹೆದರಿ ಅದನ್ನು ಬಿಚ್ಚಬೇಕು ಅಂತ ಆಪಾಳ ವಾದ.

“ಇನ್ನು ನನ್ನ ಸೊಂಟದಿಂದ ಇದನ್ನ ಯಾರು ಬಿಚ್ಚಿಸ್ತಾರೋ ನೋಡ್ತೀನಿ,” ಅಂತ ಬಿಗಿಯಾಗಿ ಎರಡು ಗಂಟು ಹಾಕಿಕೊಂಡು ಅಂಗಳಕ್ಕೆ ಬಂದಳು.

ಮೇರಿಮ್ ಹಣೆ ಚಚ್ಚಿಕೊಂಡಳು.

ಮೊದಲ ಜಯ ಕೊಪ್ಪರಿಗೆಯ ಹತ್ತಿರ ಸಿಕ್ಕಿತು. ಎರ್ಕಿನ್ ಅಂತೂ ತಂದ ಕುರಿಯ ಮಾಂಸ ಕುದಿಯುತ್ತಿತ್ತು. ಸಹಾಯಕ್ಕೆ ಬಂದ ರೋಜಾ ಹೊಸ ಬೆಕ್ಕಿನ ಏಪ್ರನ್ ಕಟ್ಟಿಕೊಂಡು, ಮೇರಿಮ್ ಫೋಟೋ ತೆಗೆಯಲಿ ಅಂತ ಸೊಗಸಾಗಿ ಬಾಗಿ, ಏಪ್ರನ್ನಿನ ಅಂಚಿನಿಂದಲೇ ಮುಚ್ಚಳ ಹಿಡಿದಳು. ಚುಯ್ ಅಂತು. ರೋಜಾ ಕಿಟಾರನೆ ಕಿರುಚಿ ಹಿಂದಕ್ಕೆ ಹಾರಿದಳು, ಬೆಕ್ಕು ಹಾರಲಿಲ್ಲ. ಅದರ ಮುಖ ಮುಚ್ಚಳಕ್ಕೆ ಅಂಟಿಕೊಂಡು ಕರಗತೊಡಗಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬೀದಿಯ ತುದಿಗೂ ಹೋಯಿತು.

ಆಪಾ ಅವಸರ ಮಾಡಲಿಲ್ಲ. ತನ್ನ ಏಪ್ರನ್ನಿನ ಅಂಚನ್ನು ನಾಲ್ಕು ಮಡಿಕೆ ಮಾಡಿ, ಮುಚ್ಚಳ ಎತ್ತಿ ಪಕ್ಕಕ್ಕಿಟ್ಟಳು.

“ನಿನ್ನ ಬೆಕ್ಕು ಬೆಂದಿದೆ ಕಣೇ ಮೇರಿಮ್. ಯಾರಿಗೆ ಬಡಿಸ್ಲಿ?”

ಹೆಂಗಸರೆಲ್ಲ ನಕ್ಕರು. ಮೇರಿಮ್ ನಗಲಿಲ್ಲ, ಯಾಕೆಂದರೆ ಅದೇ ಹೊತ್ತಿಗೆ ಗೇಟಿನ ಮುಂದೆ ಕಾರು ನಿಂತಿತ್ತು. ಹೇಳಿದ ಹೊತ್ತಿಗಿಂತ ಬಹಳ ಮುಂಚೆಯೇ ಬೀಗಿತ್ತಿ ಬೂಬುಸಾರಾ ಇಳಿದಳು. ಬಂಗಾರದ ಹಲ್ಲು, ಎತ್ತರದ ಹಿಮ್ಮಡಿ, ಕೈಯಲ್ಲಿ ದೊಡ್ಡ ಗಂಟು. ಗುಡಾರದೊಳಗೆ ಮೇಜಿನ ಮೇಲೆ ಇನ್ನೂ ಹಿಟ್ಟಿನ ಪುಡಿ ಹರಡಿತ್ತು. ಮೇರಿಮ್ ಬಟ್ಟೆ ಹುಡುಕುವಷ್ಟರಲ್ಲಿ ಆಪಾ ಏಪ್ರನ್ ಎತ್ತಿ ಆ ತುದಿಯಿಂದ ಈ ತುದಿಗೆ ಒಂದೇ ಬೀಸಿಗೆ ಮೇಜು ಒರೆಸಿ, ಅದೇ ಏಪ್ರನ್ನಲ್ಲಿ ಕೈಯೂ ಒರೆಸಿಕೊಂಡು, “ಬನ್ನಿ ಬೀಗಿತ್ತೀ, ಬನ್ನಿ!” ಅಂತ ಅದೇ ಕೈ ಚಾಚಿದಳು.

ಬೂಬುಸಾರಾ ಮೇಜು ನೋಡಿದಳು, ಏಪ್ರನ್ ನೋಡಿದಳು, ಮಗಳನ್ನು ನೋಡಿದಳು. ಬಂಗಾರದ ಹಲ್ಲು ಒಳಗೆ ಹೋಯಿತು.

ಚಹಾ ಮುಗಿಯುವ ಮೊದಲೇ ಬೂಬುಸಾರಾ ತಾನು ತಂದ ಗಂಟು ಬಿಚ್ಚಿದಳು. ಬೀಗರ ಮನೆಗೆ ಬರಿಗೈಯಲ್ಲಿ ಬರುವ ಹಾಗಿಲ್ಲ. ಬಟ್ಟೆ ತರಬೇಕು, ತಂದವರೇ ಕೈಯಾರೆ ತೊಡಿಸಬೇಕು. ಅವಳು ತಂದದ್ದು ಕಡುಗೆಂಪು ಮಖಮಲ್ಲಿನ ಉದ್ದನೆಯ ಕೋಟು, ಅಂಚಿಗೆ ಜರಿ ಕೆಲಸ. ಹೆಂಗಸರೆಲ್ಲ “ಆಹಾ” ಅಂದರು.

“ಏಳಿ ಬೀಗಿತ್ತೀ, ತೊಡಿಸ್ತೀನಿ. ಮೊದಲು ಅದನ್ನ ಬಿಚ್ಚಿ,” ಅಂತ ಬೂಬುಸಾರಾ ಏಪ್ರನ್ನನ್ನು ಕಣ್ಣಲ್ಲೇ ತೋರಿಸಿದಳು. ಹೆಸರು ಹಿಡಿದು ಹೇಳಲೂ ಅವಳಿಗೆ ಮನಸ್ಸಿರಲಿಲ್ಲ.

ಆಪಾ ಸಿಕ್ಕಿಬಿದ್ದಳು. ಬೀಗಿತ್ತಿಯ ಕೋಟು ಬೇಡ ಅನ್ನುವ ಹಾಗಿಲ್ಲ, ಅಂದರೆ ಎರಡು ಮನೆಗಳ ನಡುವೆ ಜನ್ಮವಿಡೀ ಮಾತು ನಿಲ್ಲುತ್ತದೆ. ಹಲ್ಲು ಕಚ್ಚಿಕೊಂಡು ಎರಡು ಗಂಟನ್ನೂ ಬಿಚ್ಚಿದಳು. ಕೋಟು ತೊಟ್ಟು ತೋಳು ಸರಿಮಾಡಿಕೊಂಡು ತಿರುಗುವಷ್ಟರಲ್ಲಿ ಏಪ್ರನ್ ಮಾಯ.

ಮೇರಿಮ್ ಚಹಾ ಕಾಯಿಸುವ ಸಮೋವಾರಿನ ಪಕ್ಕ ಕೂತು, ತಲೆ ತಗ್ಗಿಸಿ, ಬಹಳ ವಿನಯದಿಂದ ಚಹಾ ಬಗ್ಗಿಸುತ್ತಿದ್ದಳು. ಆದರೆ ಎಂದಿಗಿಂತ ನಾಲ್ಕು ಬೆರಳು ಎತ್ತರ ಕೂತಿದ್ದಳು. ಅವಳ ಲಂಗದ ಅಡಿಯಿಂದ ನೀಲಿ ಪಟ್ಟಿಯ ತುದಿಯೊಂದು ಇಣುಕುತ್ತಿತ್ತು.

“ಮೇರಿಮ್, ಉಪ್ಪು ತಾಮ್ಮಾ,” ಅಂದಳು ಆಪಾ, ಬೆಣ್ಣೆಯಂಥ ದನಿಯಲ್ಲಿ.

“ರೋಜಕ್ಕ ತರ್ತಾರೆ ಆಪಾ.”

ರೋಜಾ ಉಪ್ಪು ತಂದಳು.

“ಮೇರಿಮ್, ಒಲೆ ಮೇಲೆ ಏನೋ ಸೀದ ವಾಸನೆ.”

“ಅದು ಬೆಕ್ಕು ಆಪಾ.”

“ಮೇರಿಮ್, ನಿನ್ನ ಗಂಡ ಕರೀತಿದ್ದಾನೆ.”

“ಕರೀಲಿ ಆಪಾ. ಅಭ್ಯಾಸ ಆಗಿದೆ.”

ಬೂಬುಸಾರಾಳ ಹುಬ್ಬು ಗಂಟಿಕ್ಕಿತು. ಮೂರು ಸಲ ಅತ್ತೆ ಕರೆದರೂ ಏಳದ ಸೊಸೆ! ಅದೂ ತನ್ನ ಹೊಟ್ಟೆಯಲ್ಲಿ ಹುಟ್ಟಿದವಳು! ಸುತ್ತ ಕೂತ ಹೆಂಗಸರು ಒಬ್ಬರನ್ನೊಬ್ಬರು ತಿವಿಯುತ್ತಿದ್ದದ್ದು ಅವಳ ಕಣ್ಣಿಗೆ ಬಿತ್ತು.

“ಏನೇ ಇದು? ಕೂತಲ್ಲಿಗೆ ಅಂಟು ಹಾಕಿದ್ದಾರಾ? ನಾನು ನಿಂಗೆ ಇದನ್ನೇ ಕಲಿಸಿದ್ದಾ? ಏಳೇ ಮೇಲೆ!”

“ಅಮ್ಮಾ, ನಿಂಗೊತ್ತಿಲ್ಲ, ನಾನು...”

“ಎದುರು ಮಾತು ಬೇರೆ! ಏಳು!”

ಮೇರಿಮ್ ಎದ್ದಳು. ವಯಸ್ಸನ್ನು ಮರೆತ ಆಪಾ ಹದ್ದಿನ ಹಾಗೆ ಎರಗಿ ಏಪ್ರನ್ ಕಿತ್ತುಕೊಂಡಳು. ಎಲ್ಲರೂ ನೋಡುತ್ತಿದ್ದಂತೆಯೇ ಅದನ್ನು ಮಖಮಲ್ಲಿನ ಕೋಟಿನ ಮೇಲೆ ಕಟ್ಟಿ, ಈ ಸಲ ಮೂರು ಗಂಟು ಹಾಕಿದಳು. ಜರಿ ಪೂರ್ತಿ ಮುಚ್ಚಿಹೋಯಿತು.

“ಕೋಟು ಬಹಳ ಚೆನ್ನಾಗಿದೆ ಬೀಗಿತ್ತೀ,” ಅಂದಳು. “ಕೊಳೆ ಆಗಬಾರದಲ್ಲ.”

ಬೂಬುಸಾರಾ ಮುಖ ತಿರುಗಿಸಿಕೊಂಡಳು. ಮೇರಿಮಳ ಕಣ್ಣಲ್ಲಿ ನೀರು ತುಂಬಿತು. ಒಂದು ಕ್ಷಣ ಆಪಾಳಿಗೂ ಅಯ್ಯೋ ಅನ್ನಿಸಿತು. ಆದರೆ ಬೆಳಗಿನ ಬೆರ್ಚಪ್ಪ ನೆನಪಾಗಿ ಮನಸ್ಸು ಮತ್ತೆ ಗಟ್ಟಿಯಾಯಿತು. ತನಗೆ ಇರುವುದು ಇದೊಂದೇ. ಮನೆ ಮಗನದಾಯಿತು, ಅಡುಗೆಮನೆ ಸೊಸೆಯದಾಯಿತು, ಇದೂ ಹೋದರೆ ತಾನು ಇಲ್ಲಿ ಇದ್ದೆ ಅನ್ನುವುದಕ್ಕೆ ಏನು ಉಳಿಯುತ್ತದೆ ಅಂತ ಅವಳ ಸಂಕಟ. ಅದನ್ನು ಬಾಯಿಬಿಟ್ಟು ಹೇಳುವ ಜಾತಿಯಲ್ಲ ಅವಳು. ಗಂಟನ್ನು ಇನ್ನಷ್ಟು ಬಿಗಿಮಾಡಿದಳು, ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ಗೇಟಿನ ಹೊರಗೆ ಬೀದಿಯ ತುಂಬ ಜನ. ಅದಿಲನನ್ನು ಚಾಪೆಯ ಮೇಲೆ ನಿಲ್ಲಿಸಿ ಕಾಲಿಗೆ ದಾರ ಕಟ್ಟಿದರು. ಬೀದಿಯ ಆ ತುದಿಯಿಂದ ಮಕ್ಕಳು ಹೋ ಎಂದು ಧೂಳೆಬ್ಬಿಸಿಕೊಂಡು ಓಡಿಬಂದರು. ಮೊದಲು ಬಂದವನು ಏದುಸಿರು ಬಿಡುತ್ತ ಚಾಕು ಹಿಡಿದು ದಾರ ಕತ್ತರಿಸಿದ. “ನಡಿ ಮರಿ, ನಡಿ!” ಅಂತ ಊರಿಗೆ ಊರೇ ಒಂದೇ ಬಾಯಲ್ಲಿ ಅಬ್ಬರಿಸಿತು.

ಮಗು ನಡೆಯಲಿಲ್ಲ. ಧೂಳು, ಚಾಕು, ಅಬ್ಬರ, ಎಲ್ಲವನ್ನೂ ಒಂದು ಸಲ ನೋಡಿ, ಕುಂಡೆ ಊರಿ ಕೂತು, ತಾರಕಕ್ಕೆ ಅಳಲು ಶುರುಮಾಡಿತು. ಅಪ್ಪ ಎತ್ತಿ ನಿಲ್ಲಿಸಿದ, ಕಾಲು ಮಡಚಿತು. ಅಮ್ಮ ಬೊಂಬೆ ತೋರಿಸಿದಳು. ಬೊಂಬೆಯನ್ನು ಕಂಡು ಇನ್ನೂ ಜೋರಾಗಿ ಅತ್ತಿತು. ಬೂಬುಸಾರಾ ಬಂಗಾರದ ಹಲ್ಲು ತೋರಿಸಿ ಕರೆದಾಗಲಂತೂ ಮಗು ಉಸಿರು ಕಟ್ಟಿ ಕೆಂಪಾಯಿತು. ಹಿಂದೆ ಯಾರೋ, “ದಾರ ಕತ್ತರಿಸಿದ ಮೇಲೂ ನಡೀದಿದ್ರೆ ಒಳ್ಳೇದಲ್ಲ,” ಅಂತ ಗೊಣಗಿದರು. ಮೇರಿಮ್ ಬಿಳಿಚಿಕೊಂಡಳು.

“ಸರೀರಿ ಎಲ್ಲಾ,” ಅಂತ ಆಪಾ ಜನರನ್ನು ಮೊಣಕೈಯಿಂದ ತಳ್ಳಿಕೊಂಡು ಬಂದಳು. ಬಗ್ಗಿ ಮಗುವಿನ ಕಣ್ಣು ಮೂಗು ಏಪ್ರನ್ನಲ್ಲಿ ಒರೆಸಿ, ಅದರ ತಲೆಯ ಮೇಲೆ ಏಪ್ರನ್ ಮುಚ್ಚಿಬಿಟ್ಟಳು. ಒಳಗಡೆ ಅಳು ಬಿಕ್ಕಾಯಿತು, ಬಿಕ್ಕು ನಿಂತಿತು. ಸ್ವಲ್ಪ ಹೊತ್ತಿಗೆ ಜೇಬಿನೊಳಗೆ ಕೈ ಹೋಗಿ ಮೊಸರಿನ ಉಂಡೆಯೊಂದು ಕಾಣೆಯಾಯಿತು. ಆಮೇಲೆ ಪುಟ್ಟ ಮುಷ್ಟಿಯೊಂದು ಏಪ್ರನ್ನಿನ ಅಂಚನ್ನು ಹಿಡಿಯಿತು. ಆಪಾ ಒಂದು ಹೆಜ್ಜೆ ಹಿಂದಿಟ್ಟಳು. ಅದಿಲ್ ಒಂದು ಹೆಜ್ಜೆ ಮುಂದಿಟ್ಟ. ಹಾಗೇ ಚಾಪೆ ದಾಟಿ, ಗೇಟು ದಾಟಿ, ಗುಡಾರದ ಬಾಗಿಲವರೆಗೂ ಅಜ್ಜಿ ಹಿಂದಕ್ಕೂ ಮೊಮ್ಮಗ ಮುಂದಕ್ಕೂ ನಡೆದರು. ಒಂದು ಸಲವೂ ಎಡವಲಿಲ್ಲ.

ಊರು ಕುಣಿದಾಡಿತು. ಮೇರಿಮ್ ಓಡಿಬಂದು ಅತ್ತೆಯನ್ನು ಅಪ್ಪಿಕೊಂಡಳು. ಅಲ್ಲಿಗೆ ಆಪಾ ಸುಮ್ಮನಿದ್ದಿದ್ದರೆ ಈ ಕತೆ ಅಲ್ಲೇ ಮುಗಿಯುತ್ತಿತ್ತು. ಆದರೆ ದಿನವಿಡೀ ಕಾದಾಡಿ ಗೆದ್ದವಳು ಸುಮ್ಮನಿರುವುದು ಹೇಗೆ? ಗುಡಾರದ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು.

“ನೋಡಿದ್ರಾ? ಚಿಂದಿ ಅಂದ್ರಿ, ಬೆರ್ಚಪ್ಪನಿಗೆ ಕಟ್ಟಿದ್ರಿ! ನನ್ನ ಏಳು ಮಕ್ಕಳೂ ಇದನ್ನೇ ಹಿಡ್ಕೊಂಡು ನಡೆಯೋದು ಕಲಿತದ್ದು. ಏಳೂ ಗಟ್ಟಿಮುಟ್ಟಾಗಿವೆ, ಒಂದೂ ದಾರಿ ತಪ್ಪಲಿಲ್ಲ. ಮೊಮ್ಮಕ್ಕಳ ಲೆಕ್ಕ ನಂಗೇ ಸಿಗಲ್ಲ. ಇದನ್ನ ಕಟ್ಕೊಂಡು ನಾನು ಒಂದು ದಿನ ಜ್ವರ ಅಂತ ಮಲಗ್ಲಿಲ್ಲ. ಇದು ಬರೀ ಬಟ್ಟೆ ಅಲ್ಲ ಕಣ್ರೇ, ಈ ಮನೆಯ ಭಾಗ್ಯ ಇದು! ಇದನ್ನ ಮುಟ್ಟೋ ಧೈರ್ಯ ಯಾರಿಗಿದೆ, ಬನ್ನಿ!”

ಹೆಂಗಸರು ಏಪ್ರನ್ನನ್ನೇ ನೋಡುತ್ತಿದ್ದರು. ಆದರೆ ಬೆಳಗ್ಗೆ ನೋಡಿದ ಕಣ್ಣುಗಳಲ್ಲ ಅವು. ಕೊನೆಗೆ ರೋಜಾ ಎರಡೂ ಅಂಗೈ ಚಾಚಿ ಮುಂದೆ ಬಂದಳು.

“ಆಪಾ... ನಂಗೊಂದು ಚೂರು. ತೆಬೆರಿಕ್.”

ಆಪಾಳ ಕೈ ಸೊಂಟದಿಂದ ಜಾರಿತು. ತುಂಬು ಬಾಳು ಬಾಳಿ, ಮಕ್ಕಳು ಮರಿಮಕ್ಕಳನ್ನು ಕಂಡ ಹಿರಿಯರು ತೀರಿಕೊಂಡಾಗ ಬಟ್ಟೆ ಹರಿದು ಹೆಂಗಸರಿಗೆ ಹಂಚುತ್ತಾರೆ, ಅವರ ಆಯುಷ್ಯ, ಅವರ ಭಾಗ್ಯ ನಮಗೂ ಬರಲಿ ಅಂತ. ಅದೇ ತೆಬೆರಿಕ್. ಕೇಳಿದವರಿಗೆ ಇಲ್ಲ ಅನ್ನುವ ಹಾಗಿಲ್ಲ.

“ನಾನಿನ್ನೂ ಸತ್ತಿಲ್ಲ ಕಣೇ!”

“ಬದುಕಿರೋರ ಕೈಯಿಂದಲೇ ಸಿಕ್ಕರೆ ಇನ್ನೂ ಒಳ್ಳೇದಲ್ವಾ ಆಪಾ?”

“ಹೌದು ಹೌದು,” ಅಂತ ಹೆಂಗಸರೆಲ್ಲ ದನಿಗೂಡಿಸಿದರು. ಆಪಾ ಏಪ್ರನ್ ಒತ್ತಿ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದಳು. ಅಷ್ಟರಲ್ಲಿ ಬೂಬುಸಾರಾ ಎದುರಿಗೆ ಬಂದು ನಿಂತಳು. ಗತ್ತೆಲ್ಲ ಎಲ್ಲೋ ಹೋಗಿತ್ತು.

“ಬೀಗಿತ್ತೀ, ನನ್ನ ಕಿರಿಮಗಳಿಗೆ ಮದುವೆಯಾಗಿ ಎಷ್ಟೋ ವರ್ಷ ಆಯ್ತು. ಮಡಿಲು ಖಾಲಿ. ತೋರಿಸದ ಡಾಕ್ಟರಿಲ್ಲ. ಒಂದು ಅಂಗೈಯಷ್ಟು ಕೊಡಿ. ಬೆಳಗ್ಗೆ ನಾನು ನೋಡಿದ ನೋಟ ಮರೆತುಬಿಡಿ.”

ಬೈಯಲು ಬಂದಿದ್ದರೆ ಆಪಾ ಎದುರಿಸುತ್ತಿದ್ದಳು. ಕಿತ್ತುಕೊಳ್ಳಲು ಬಂದಿದ್ದರೆ ಕಚ್ಚುತ್ತಿದ್ದಳು. ಅಂಗೈ ಚಾಚಿ ನಿಂತ ತಾಯಿಯ ಮುಂದೆ ಅವಳಿಗೆ ಏನೂ ತೋಚಲಿಲ್ಲ. ಕಣ್ಣು ಮುಚ್ಚಿ, ಗಂಡನ ಅಂಗಿಯ ತೇಪೆಯನ್ನು ಬಿಟ್ಟು, ಅದರ ಪಕ್ಕದಲ್ಲಿ ತಾನೇ ಪರ್ರೆಂದು ಹರಿದುಕೊಟ್ಟಳು. ಒಂದು ಚೂರು ತಾನೇ, ತೇಪೆ ಹಾಕಿದರಾಯಿತು ಅಂದುಕೊಂಡಳು.

ಅದು ಒಂದೇ ಚೂರಿಗೆ ನಿಲ್ಲುವ ಮಾತೇ? “ನಂಗೆ ಆಪಾ”, “ನನ್ನ ಮಗಳಿಗೆ ಆಪಾ”, “ಬಸುರಿ ನಾದಿನಿಗೆ ಆಪಾ”. ಪರ್, ಪರ್, ಪರ್. ಪ್ರತಿಯೊಬ್ಬಳೂ ಅವಳ ಕೈಗೆ ಮುತ್ತಿಟ್ಟು, ಹರಸಿಸಿಕೊಂಡು, ಒಂದು ತುಂಡು ಕಿತ್ತುಕೊಂಡು ಹೋದಳು. ಆಪಾ ಬದುಕಿನಲ್ಲಿ ಎಂದೂ ಅಷ್ಟು ಗೌರವ ಕಂಡಿರಲಿಲ್ಲ, ಅಷ್ಟು ಅಸಹಾಯಕಳೂ ಆಗಿರಲಿಲ್ಲ. ಕಟ್ಟಕಡೆಗೆ ಮೇರಿಮ್ ಬಂದಳು.

“ಆಪಾ, ನನ್ನ ಅದಿಲನಿಗೆ...” ಅಂತ ಗದ್ಗದಳಾಗಿ, ಉಳಿದಿದ್ದ ಒಂದು ಜೇಬನ್ನೂ, ಗಂಡನ ಅಂಗಿಯ ತೇಪೆಯನ್ನೂ ಸೇರಿಸಿ ಕತ್ತರಿಯಲ್ಲಿ ನೀಟಾಗಿ ಕತ್ತರಿಸಿಕೊಂಡು ಕಣ್ಣಿಗೊತ್ತಿಕೊಂಡಳು.

ಮಖಮಲ್ಲಿನ ಕೋಟಿನ ಮೇಲೆ ಉಳಿದದ್ದು ಸೊಂಟದ ಪಟ್ಟಿ ಮತ್ತು ಮೂರು ಗಂಟು. ಅವನ್ನು ಮಾತ್ರ ಯಾರೂ ಬಿಚ್ಚಿರಲಿಲ್ಲ.

ಆ ಹೊತ್ತಿಗೆ ಅದಿಲ್ ತೂರಾಡುತ್ತ ಅಜ್ಜಿಯ ಹತ್ತಿರ ಬಂದ. ಮೂಗು ಎಂದಿನಂತೆ ಸುರಿಯುತ್ತಿತ್ತು. ಆಪಾಳ ಕೈ ತಾನೇ ಸೊಂಟದ ಕೆಳಗೆ ಹೋಯಿತು. ಏನೂ ಸಿಗದೆ ಗಾಳಿಯಲ್ಲಿ ಹಿಡಿ ಮುಚ್ಚಿತು. ಅವಳು ಸುತ್ತ ನೋಡಿದಳು.

“ಯಾರಾದ್ರೂ ಒಂದು ಚೂರು ಕೊಡ್ರೇ. ಮಗೂ ಮೂಗು ಒರೆಸಿ ವಾಪಸ್ ಕೊಡ್ತೀನಿ.”

ಹೆಂಗಸರೆಲ್ಲ ಗಾಬರಿಯಿಂದ ತಮ್ಮ ತಮ್ಮ ತುಂಡುಗಳನ್ನು ಎದೆಗೊತ್ತಿಕೊಂಡರು.

“ಅಯ್ಯೋ ಆಪಾ!” ಅಂದಳು ರೋಜಾ. “ತೆಬೆರಿಕ್‌ನಲ್ಲಿ ಯಾರಾದ್ರೂ ಮೂಗು ಒರೆಸ್ತಾರಾ?”

“ನಾನಂತೂ ಇದಕ್ಕೆ ಫ್ರೇಮು, ಗಾಜು ಹಾಕಿಸ್ತೀನಪ್ಪಾ,” ಅಂದಳು ಮೇರಿಮ್.

ಆಪಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಬೀಗಿತ್ತಿಯನ್ನು ನೆಟ್ಟನೋಟದಿಂದ ನೋಡುತ್ತ, ಮಖಮಲ್ಲಿನ ಕೋಟಿನ ಜರಿ ಅಂಚನ್ನೆತ್ತಿ ಮೊಮ್ಮಗನ ಮೂಗನ್ನು ಗಟ್ಟಿಯಾಗಿ ಒರೆಸಿದಳು. ಮೂಗಿನಲ್ಲಿದ್ದದ್ದು ಎರಡೂ ಕೆನ್ನೆಗೆ ಹರಡಿತು.

“ಥೂ,” ಅಂದಳು ಆಪಾ. “ಹೀರೋದೇ ಇಲ್ಲ ಇದು.”